ಬಾಲಗೋಲಿಯಿಂದ ದ್ರಾವಕದವರೆಗೆ: ಮಕ್ಕಳ ಮಾದಕವಸ್ತು ಸೇವನೆ ಮತ್ತು ಕಾನೂನಿನ ನೋಟ

ಭಾರತದಲ್ಲಿ ಮಾದಕವಸ್ತುಗಳ ಚರಿತ್ರೆಯನ್ನು ಬಹುಮಟ್ಟಿಗೆ ವ್ಯಾಪಾರ, ರಾಜಸ್ವ ಮತ್ತು ಪಾನನಿರೋಧ ಚಳವಳಿಗಳ ಚರಿತ್ರೆಯಾಗಿಯೇ ಬರೆಯಲಾಗಿದೆ. ಬಂಗಾಳ ಮತ್ತು ಮಾಳವದ ಅಫೀಮು, ಚೀನಾದೊಡನೆ ನಡೆದ ವಹಿವಾಟು, ಅಬಕಾರಿ ಹರಾಜು, ಸೇಂದಿ ಅಂಗಡಿಗಳ ಮುಂದಿನ ಪಿಕೆಟಿಂಗ್ ಮುಂತಾದ ವಿಷಯಗಳು ಸಾಕಷ್ಟು ಚರ್ಚೆಗೆ ಒಳಗಾಗಿವೆ. ಈ ಚರ್ಚೆಗಳಲ್ಲಿ ಕಾಣುವ ವ್ಯಸನಿ ಸಾಮಾನ್ಯವಾಗಿ ವಯಸ್ಕ ಪುರುಷ. ಮಗು ಅಲ್ಲಿ ಕುಡುಕನ ಮನೆಯ ಹಸಿದ ಕೂಸಾಗಿ ಬರುತ್ತದೆಯೇ ಹೊರತು, ತಾನೇ ಅಮಲು ಪದಾರ್ಥವನ್ನು ಸೇವಿಸುವ ಜೀವವಾಗಿ ಬರುವುದು ಅಪರೂಪ. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಂದಿನವರೆಗೆ ಮಕ್ಕಳು ಒಂದಲ್ಲ ಒಂದು ಮಾದಕವಸ್ತುವಿನ ಸಂಪರ್ಕದಲ್ಲಿ ಇದ್ದೇ ಇದ್ದಾರೆ. ವಸ್ತು ಬದಲಾಗಿದೆ, ಸೇವಿಸುವ ವಯಸ್ಸು ಬದಲಾಗಿದೆ, ಕಾನೂನೂ ಬದಲಾಗಿದೆ.

ಅಫೀಮು, ತಂಬಾಕು ಮತ್ತು ದ್ರಾವಕಗಳೆಂಬ ಮೂರು ಘಟ್ಟಗಳಲ್ಲಿ ಈ ಬದಲಾವಣೆಯನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮೊದಲ ಘಟ್ಟಕ್ಕೆ ಮುಂಬಯಿ ಪ್ರಾಂತದ ಅನುಭವವೇ ಮುಖ್ಯ ಆಧಾರ. ಧಾರವಾಡ, ಬೆಳಗಾವಿ ಮತ್ತು ವಿಜಾಪುರ ಜಿಲ್ಲೆಗಳೂ, 1862ರಲ್ಲಿ ಮದ್ರಾಸಿನಿಂದ ವರ್ಗಾವಣೆಗೊಂಡ ಉತ್ತರ ಕನ್ನಡವೂ ಆ ಪ್ರಾಂತದ ಅಬಕಾರಿ ಹಾಗೂ ಕಾರ್ಮಿಕ ಕಾನೂನುಗಳಿಗೇ ಒಳಪಟ್ಟಿದ್ದುದರಿಂದ ಈ ಚರಿತ್ರೆ ಕರ್ನಾಟಕಕ್ಕೂ ಸಂಬಂಧಿಸಿದ್ದು.

ಅಫೀಮು ರಾಜಸ್ವ ಮತ್ತು 1893ರ ಆಯೋಗ

ಹತ್ತೊಂಬತ್ತನೆಯ ಶತಮಾನದ ಅಫೀಮು ಆಡಳಿತಕ್ಕೆ 1857 ಮತ್ತು 1878ರ ಎರಡು ಕಾಯಿದೆಗಳು ತಳಹದಿ. ಮೊದಲನೆಯದು ಬಂಗಾಳದ ಸರ್ಕಾರಿ ಏಕಸ್ವಾಮ್ಯದಡಿ ಗಸಗಸೆ ಬೇಸಾಯವನ್ನು ನಿಯಂತ್ರಿಸಿತು. ಎರಡನೆಯದು ದೇಶದೊಳಗಿನ ಸ್ವಾಧೀನ, ಸಾಗಣೆ ಮತ್ತು ಮಾರಾಟವನ್ನು ಪರವಾನಗಿಗೆ ಒಳಪಡಿಸಿತು. ಸರ್ಕಾರದ ಹಣಕ್ಕೆ ನಷ್ಟವಾಗದಂತೆ ಕಳ್ಳ ಸಾಗಣೆಯನ್ನು ತಡೆಯುವುದೇ ಇವುಗಳ ಮುಖ್ಯ ಕಾಳಜಿಯಾಗಿತ್ತು. ಅಫೀಮನ್ನು ಕೊಂಡವರು ಯಾರು, ಅದು ಯಾರ ಹೊಟ್ಟೆ ಸೇರಿತು ಎಂಬುದು ಈ ಕಾಯಿದೆಗಳ ವ್ಯಾಪ್ತಿಗೆ ಬಂದ ಪ್ರಶ್ನೆಯಲ್ಲ.

ಇಂಗ್ಲೆಂಡಿನ ಅಫೀಮು ವಿರೋಧಿ ಚಳವಳಿಯ ಒತ್ತಡದಿಂದ 1893ರಲ್ಲಿ ಲಾರ್ಡ್ ಬ್ರಾಸೀ ಅವರ ಅಧ್ಯಕ್ಷತೆಯಲ್ಲಿ ರಾಜಮನೆತನದ ಅಫೀಮು ಆಯೋಗ ನೇಮಕವಾಯಿತು. ದರ್ಭಾಂಗದ ಮಹಾರಾಜ ಲಕ್ಷ್ಮೇಶ್ವರ ಸಿಂಗ್ ಮತ್ತು ಜುನಾಗಢದ ದಿವಾನರಾಗಿದ್ದ ಹರಿದಾಸ ವಿಹಾರಿದಾಸ ದೇಸಾಯಿ ಇದರ ಭಾರತೀಯ ಸದಸ್ಯರು. ಏಳುನೂರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿದ ಆಯೋಗ 1895ರಲ್ಲಿ ಏಳು ಸಂಪುಟಗಳ ವರದಿಯನ್ನು ಮುಗಿಸಿತು. ವೈದ್ಯಕೀಯ ಉದ್ದೇಶಗಳಿಗೆ ಹೊರತಾಗಿ ಅಫೀಮನ್ನು ಪೂರ್ಣವಾಗಿ ನಿಷೇಧಿಸಬೇಕೆಂಬ ಬೇಡಿಕೆಯನ್ನು ಅದು ಒಪ್ಪಲಿಲ್ಲ. ಮಿತವಾದ ಸೇವನೆಯಿಂದ ಭಾರತೀಯರಿಗೆ ಗಮನಾರ್ಹ ಹಾನಿಯಿಲ್ಲವೆಂಬುದು ಬಹುಮತದ ನಿಲುವಾಗಿತ್ತು. ಸದಸ್ಯರಲ್ಲೊಬ್ಬರಾದ ಹೆನ್ರಿ ಜೋಸೆಫ್ ವಿಲ್ಸನ್ ಭಿನ್ನಮತ ದಾಖಲಿಸಿದರು.

ಪಶ್ಚಿಮ ಭಾರತದಲ್ಲಿ ಎಳೆಗೂಸುಗಳಿಗೆ ಅಫೀಮು ಉಣಿಸುವ ರೂಢಿಯಿದ್ದ ವಿಷಯ ಈ ಆಯೋಗದ ಮುಂದೆ ಬಂದಿತ್ತು. ಗುಜರಾತ, ರಾಜಪುತಾನಾ, ಮಾಳವಗಳಲ್ಲಿ ಇದು ಗಿರಣಿಗಳಿಗಿಂತ ಹಳೆಯದಾದ ಪದ್ಧತಿ. ಭೇದಿ, ಕೆಮ್ಮು, ಹಲ್ಲು ಹುಟ್ಟುವ ಕಾಲದ ಅಳು ಇವುಗಳಿಗೆ ಮದ್ದೆಂದು ಕಣದಷ್ಟು ಅಫೀಮನ್ನು ಹಾಲಿನಲ್ಲಿ ತೇಯ್ದು ಕೊಡಲಾಗುತ್ತಿತ್ತು. ಕನ್ನಡ ಮನೆಗಳಲ್ಲಿ ಬಜೆ, ಜಾಯಿಕಾಯಿಗಳನ್ನು ತೇಯ್ದು ಕೂಸಿಗೆ ನೆಕ್ಕಿಸುವ ವಾಡಿಕೆಯಂತೆಯೇ ಅಲ್ಲಿ ಇದೂ ಮನೆಮದ್ದುಗಳ ಸಾಲಿನಲ್ಲಿತ್ತು. ಪ್ರೌಢನ ಮಿತಸೇವನೆಯನ್ನು ಸಮರ್ಥಿಸಿದ ವಾದವೇ ಕೂಸಿನ ವಿಷಯದಲ್ಲೂ ಕೆಲಸ ಮಾಡಿತು. ರೂಢಿಯಲ್ಲಿರುವುದರಿಂದ ಅದು ನಿರಪಾಯಕರವೆಂಬ ಊಹೆ ಬಲಗೊಂಡು, ಶಿಶುವಿನ ಪ್ರಶ್ನೆ ಪ್ರತ್ಯೇಕ ಶಾಸನಕ್ಕೆ ಕಾರಣವಾಗದೆ ಉಳಿಯಿತು.

ಗಿರಣಿ, ತಾಯಿ ಮತ್ತು ಬಾಲಗೋಲಿ

ಮನೆಮದ್ದು ದಿನನಿತ್ಯದ ಅಗತ್ಯವಾಗಿ ಮಾರ್ಪಟ್ಟುದು ಮುಂಬಯಿಯ ಹತ್ತಿ ಗಿರಣಿಗಳ ಬೆಳವಣಿಗೆಯೊಡನೆ. ಅಲ್ಲಿನ ಕಾರ್ಮಿಕರಲ್ಲಿ ಸುಮಾರು ಐದನೆಯ ಒಂದು ಭಾಗ ಸ್ತ್ರೀಯರಿದ್ದರು. 1891ರ ಕಾರ್ಖಾನೆ ಕಾಯಿದೆ ಸ್ತ್ರೀಯರ ದುಡಿಮೆಯನ್ನು ದಿನಕ್ಕೆ 11 ಗಂಟೆಗಳಿಗೆ ಮಿತಗೊಳಿಸಿತ್ತು. ಚಾಳಿನ ಒಂದೇ ಕೋಣೆಯ ವಸತಿ, ಊರಿನಲ್ಲಿ ಉಳಿದ ಅತ್ತೆ ಅಥವಾ ತಾಯಿ, ಕೆಲಸಕ್ಕೆ ಹೋಗದಿದ್ದರೆ ಇಲ್ಲವಾಗುವ ಕೂಲಿ, ಇವುಗಳ ನಡುವೆ ಹಾಲು ಕುಡಿಯುವ ಕೂಸನ್ನು ನೋಡಿಕೊಳ್ಳುವವರು ಯಾರೂ ಇರುತ್ತಿರಲಿಲ್ಲ. ಆ ಹೊತ್ತಿಗೆ ಪೇಟೆಯಲ್ಲಿ ಅಗ್ಗವಾಗಿ ದೊರೆಯುತ್ತಿದ್ದುದು ‘ಬಾಲಗೋಲಿ’, ಅಂದರೆ ಅಫೀಮು ಬೆರೆಸಿದ ಮಕ್ಕಳ ಗುಳಿಗೆ. ಮುಂಜಾನೆ ಅದನ್ನು ನುಂಗಿಸಿದರೆ ಕೂಸು ಹಗಲೆಲ್ಲ ಮಲಗಿರುತ್ತಿತ್ತು.

ಈ ಪರಿಸ್ಥಿತಿಯ ಅತ್ಯಂತ ಪ್ರಸಿದ್ಧ ದಾಖಲೆ 1922ರದು. ಮುಂಬಯಿ ಸರ್ಕಾರವು ಸ್ತ್ರೀ ಕಾರ್ಮಿಕರ ಸ್ಥಿತಿಗತಿಗಳನ್ನು ತಿಳಿಯಲು ನೇಮಿಸಿದ್ದ ವೈದ್ಯೆ ಡಾ. ಬಾರ್ನ್ಸ್ ಅವರ ವರದಿ ಆ ವರ್ಷ ಪ್ರಾಂತದ ‘ಲೇಬರ್ ಗೆಜೆಟ್’ನಲ್ಲಿ ಪ್ರಕಟವಾಯಿತು. ಕೈಗಾರಿಕೆಗಳಲ್ಲಿ ದುಡಿಯುವ ಸ್ತ್ರೀಯರಿಗೆ ಹುಟ್ಟಿದ ಶಿಶುಗಳಲ್ಲಿ ಶೇ. 98ರಷ್ಟು ಕೂಸುಗಳಿಗೆ ಅಫೀಮು ಕೊಡಲಾಗುತ್ತಿದೆ ಎಂದು ಅವರು ತಿಳಿಸಿದರು. ಇದು ಒಂದು ನಗರದ ಒಂದು ವರ್ಗದ ತಾಯಂದಿರಿಗೆ ಸಂಬಂಧಿಸಿದ ಅಂಕಿ. ಇದನ್ನು ಇಡೀ ದೇಶಕ್ಕೆ ಅನ್ವಯಿಸಿ ಓದುವುದು ಸಲ್ಲದು. ಆದರೂ ಅಫೀಮು ಆಡಳಿತದ ಬಗ್ಗೆ ಅಂತರರಾಷ್ಟ್ರೀಯ ಟೀಕೆ ಹೆಚ್ಚುತ್ತಿದ್ದ ಕಾಲದಲ್ಲಿ ಈ ಸಂಖ್ಯೆ ದೂರದವರೆಗೆ ಹರಡಿತು. 1926ರಲ್ಲಿ ಭಾರತದ ಅಫೀಮು ಪಿಡುಗನ್ನು ಕುರಿತು ಗ್ರಂಥ ಪ್ರಕಟಿಸಿದ ಸಿ. ಎಫ್. ಆಂಡ್ರ್ಯೂಸ್ ಮೊದಲಾದವರ ಬರಹಗಳಿಂದ ಈ ವಿಷಯ ರಾಷ್ಟ್ರೀಯ ಚಳವಳಿಯ ಗಮನಕ್ಕೂ ಬಂತು.

ಅಫೀಮಿನ ಪರಿಣಾಮ ಎಳೆಯ ದೇಹದಲ್ಲಿ ವಯಸ್ಕರಲ್ಲಿ ಆಗುವಂತಹುದಲ್ಲ. ಅದು ಉಸಿರಾಟವನ್ನು ಮಂದಗೊಳಿಸುತ್ತದೆ. ಕೂಸಿನ ಯಕೃತ್ತು ಮತ್ತು ಮೂತ್ರಪಿಂಡಗಳು ಪಕ್ವವಾಗಿರದ ಕಾರಣ ವಿಷ ಬೇಗ ಹೊರಹೋಗುವುದಿಲ್ಲ. ತೂಕದ ಅಳತೆಯಿಲ್ಲದೆ ಮಾಡಿದ ಗುಳಿಗೆಗಳಲ್ಲಿ ಒಂದು ದಿನದ ಪ್ರಮಾಣ ಇನ್ನೊಂದು ದಿನಕ್ಕೆ ಸಮವಾಗಿರುವ ಭರವಸೆಯೂ ಇಲ್ಲ. ಮಿತಿಮೀರಿದ ಪ್ರಮಾಣದಿಂದ ಆಗುವ ಸಾವಿಗಿಂತ ನಿಧಾನವಾದ ಇನ್ನೊಂದು ಹಾನಿಯೂ ಇದೆ. ಮಂಪರಿನಲ್ಲಿರುವ ಕೂಸು ಹಸಿವಾದರೂ ಅಳುವುದಿಲ್ಲ, ಅಳದ ಕೂಸಿಗೆ ಹಾಲು ಸಿಗುವುದಿಲ್ಲ. ಮಲಬದ್ಧತೆ ಮತ್ತು ಅಪೌಷ್ಟಿಕತೆಗಳಿಂದ ಸೊರಗಿದ ಅದು ಸಾಮಾನ್ಯ ಜ್ವರಕ್ಕೇ ಬಲಿಯಾದಾಗ ಮರಣದ ದಾಖಲೆಯಲ್ಲಿ ಅಫೀಮಿನ ಹೆಸರು ಬರುವುದಿಲ್ಲ. 1921ರಲ್ಲಿ ಮುಂಬಯಿ ನಗರದ ಶಿಶುಮರಣ ಪ್ರಮಾಣ ದಾಖಲಾದ ಸಾವಿರ ಜನನಗಳಿಗೆ 600ಕ್ಕೂ ಮೀರಿತ್ತು. ಹೆರಿಗೆಗೆ ಊರಿಗೆ ಹೋಗುವ ವಾಡಿಕೆಯಿಂದ ಅನೇಕ ಜನನಗಳು ನಗರದಲ್ಲಿ ನೋಂದಣಿಯಾಗದೆ ಈ ಅಂಕಿ ಉಬ್ಬಿದೆ ಎಂಬುದು ನಿಜ. ವಸತಿ, ನೀರು, ರೋಗಗಳ ಪಾಲನ್ನೂ ಮರೆಯುವಂತಿಲ್ಲ. ಅಂತಹ ಪರಿಸರದಲ್ಲಿ ಬಾಲಗೋಲಿಯೂ ಮಗುವಿನ ಬದುಕುವ ಶಕ್ತಿಯನ್ನು ಕುಂದಿಸುತ್ತಿತ್ತು.

ಕಲ್ಕತ್ತೆಯ ಉಷ್ಣವಲಯ ವೈದ್ಯಕೀಯ ಶಾಲೆಯಲ್ಲಿದ್ದ ಆರ್. ಎನ್. ಚೋಪ್ರಾ ಅವರು ಭಾರತದ ಅಫೀಮು ಸೇವನೆಯನ್ನು ಕುರಿತ ತಮ್ಮ ಸಂಶೋಧನೆಗಳ ಭಾಗವಾಗಿ, 1934ರಲ್ಲಿ ಶಿಶುಗಳಿಗೆ ಅಫೀಮು ಕೊಡುವ ಪದ್ಧತಿಯ ಬಗ್ಗೆಯೇ ಪ್ರತ್ಯೇಕ ಲೇಖನ ಪ್ರಕಟಿಸಿದರು. ರೂಢಿಯೆಂದು ಬದಿಗೆ ಸರಿಸಲಾಗಿದ್ದ ವಿಷಯ ಇದರಿಂದ ವೈದ್ಯಕೀಯ ಪರಿಶೀಲನೆಯ ವಸ್ತುವಾಯಿತು.

ಈ ಪದ್ಧತಿಯನ್ನು ತಾಯಂದಿರ ಅಜ್ಞಾನವೆಂದೋ ಪೌರ್ವಾತ್ಯ ಸಮಾಜದ ದೋಷವೆಂದೋ ವಿವರಿಸುವುದು ಆ ಕಾಲದ ಬರಹಗಳಲ್ಲಿ ಸಾಮಾನ್ಯ. ಆದರೆ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಕೈಗಾರಿಕಾ ಪಟ್ಟಣಗಳಲ್ಲಿ ‘ಗಾಡ್‌ಫ್ರೀಸ್ ಕಾರ್ಡಿಯಲ್’ ಎಂಬ ಅಫೀಮುಯುಕ್ತ ದ್ರವವನ್ನು ಶಿಶುಗಳಿಗೆ ಕುಡಿಸುತ್ತಿದ್ದುದು ಇದೇ ಕಾರಣಕ್ಕೆ. ಗಿರಣಿಯ ಗಂಟೆ ಮತ್ತು ಕೂಸಿನ ಹಸಿವು ಹೊಂದಿಕೆಯಾಗದ ಕಡೆಯಲ್ಲೆಲ್ಲ ಅಫೀಮು ಆ ಅಂತರವನ್ನು ತುಂಬಿತು. ಮುಂಬಯಿಯ ತಾಯಿಗೆ ಗುಳಿಗೆ ಅಮಲು ಪದಾರ್ಥವಾಗಿರಲಿಲ್ಲ, ಆಕೆಗೆ ದೊರೆಯದ ದಾದಿಯಾಗಿತ್ತು.

ಶಿಶುಪಾಲನಾ ಕೊಠಡಿ: ಕಾರ್ಮಿಕ ಕಾನೂನಿನ ಹಾದಿ

ಈ ಅರಿವು ಅಬಕಾರಿ ಇಲಾಖೆಗಿಂತ ಮೊದಲು ಮೂಡಿದ್ದು ಕಾರ್ಮಿಕ ಶಾಸನದ ಕ್ಷೇತ್ರದಲ್ಲಿ ಎಂಬುದು ಮಹತ್ವದ ಸಂಗತಿ. ಮುಂಬಯಿ ಪ್ರಾಂತ 1929ರಲ್ಲಿ ಹೆರಿಗೆ ಸೌಲಭ್ಯ ಕಾಯಿದೆಯನ್ನು ಅಂಗೀಕರಿಸಿತು. 1929ರಲ್ಲಿ ನೇಮಕವಾಗಿ 1931ರಲ್ಲಿ ವರದಿ ನೀಡಿದ ವಿಟ್ಲೀ ಅಧ್ಯಕ್ಷತೆಯ ಕಾರ್ಮಿಕ ಆಯೋಗವು, 250 ಅಥವಾ ಹೆಚ್ಚು ಸ್ತ್ರೀಯರಿರುವ ಕಾರ್ಖಾನೆಗಳಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಕಡ್ಡಾಯವಾಗಬೇಕೆಂದು ಶಿಫಾರಸು ಮಾಡಿತು. 1934ರ ಕಾರ್ಖಾನೆ ಕಾಯಿದೆ ಐವತ್ತಕ್ಕಿಂತ ಹೆಚ್ಚು ಸ್ತ್ರೀಯರಿರುವ ಕಾರ್ಖಾನೆಗಳಲ್ಲಿ ಇಂತಹ ಕೊಠಡಿ ಇರಬೇಕೆಂದು ನಿಯಮ ಮಾಡುವ ಅಧಿಕಾರವನ್ನು ಪ್ರಾಂತೀಯ ಸರ್ಕಾರಗಳಿಗೆ ನೀಡಿತು. 1948ರ ಕಾಯಿದೆ ಇದನ್ನು ಕಡ್ಡಾಯಗೊಳಿಸಿತು. 1976ರ ತಿದ್ದುಪಡಿ ಸ್ತ್ರೀಯರ ಸಂಖ್ಯೆಯ ಮಿತಿಯನ್ನು ಮೂವತ್ತಕ್ಕೆ ಇಳಿಸಿತು. 1880ರ ದಶಕದಲ್ಲಿ ಆರಂಭವಾದ ಗೋಕಾಕ ಜಲಪಾತದ ಗಿರಣಿಯಂತಹ ಉದ್ಯಮಗಳೂ ಈ ಶಾಸನಗಳ ವ್ಯಾಪ್ತಿಗೆ ಸೇರಿದ್ದವು.

ಅಫೀಮಿನ ಮಾರಾಟಕ್ಕೆ ಸಂಬಂಧಿಸಿದ ನಿರ್ಬಂಧವೂ ಸಮಾಂತರವಾಗಿ ಬೆಳೆಯಿತು. 1930ರಲ್ಲಿ ಅಪಾಯಕಾರಿ ಔಷಧಗಳ ಕಾಯಿದೆ ಬಂತು. ಸ್ವಾತಂತ್ರ್ಯಾನಂತರ 1949ರಲ್ಲಿ ನಡೆದ ಅಖಿಲ ಭಾರತ ಅಫೀಮು ಸಮ್ಮೇಳನ, ವೈದ್ಯಕೀಯವಲ್ಲದ ಅಫೀಮು ಸೇವನೆಯನ್ನು ಹತ್ತು ವರ್ಷಗಳಲ್ಲಿ ಹಂತಹಂತವಾಗಿ ಕೊನೆಗೊಳಿಸಲು ನಿರ್ಧರಿಸಿತು. ಅದರ ಗಡುವು 1959ರ ಮಾರ್ಚ್ 31. ಅಗ್ಗದ ಅಫೀಮು ಅಂಗಡಿಗಳಿಂದ ಮರೆಯಾದುದು ಮತ್ತು ತಾಯಂದಿರಿಗೆ ಬೇರೆ ಆಸರೆ ದೊರೆಯತೊಡಗಿದುದು ಈ ಎರಡು ಪ್ರವಾಹಗಳ ಫಲ. ಒಂದು ಶಾಸನ ವಸ್ತುವನ್ನು ಹಿಡಿದರೆ ಇನ್ನೊಂದು ಅದರ ಅಗತ್ಯವನ್ನು ಕಡಿಮೆ ಮಾಡಿತು. ಮುಂದಿನ ಘಟ್ಟಗಳಲ್ಲಿ ಈ ಎರಡು ಕೈಗಳು ಜೊತೆಯಾಗಿ ಕೆಲಸ ಮಾಡಿದ್ದು ವಿರಳ.

ತಂಬಾಕು: ಅಂಗಡಿ ಮತ್ತು ಮನೆ

ಕೂಸಿನ ಅಫೀಮು ಹಿರಿಯರು ಉಣಿಸಿದ್ದು. ಬೆಳೆದ ಬಾಲಕ ತಾನಾಗಿ ಕೊಳ್ಳುವ ಮೊದಲ ಅಮಲು ಪದಾರ್ಥ ತಂಬಾಕು. ಇಂಗ್ಲೆಂಡಿನ 1908ರ ಮಕ್ಕಳ ಕಾಯಿದೆ 16 ವರ್ಷದೊಳಗಿನವರಿಗೆ ತಂಬಾಕು ಮಾರುವುದನ್ನು ನಿಷೇಧಿಸಿತು. ಆ ಮಾದರಿಯಲ್ಲಿ ಪಂಜಾಬ್ 1918ರಲ್ಲೂ ಬಂಗಾಳ 1919ರಲ್ಲೂ ಬಾಲಕರ ಧೂಮಪಾನ ನಿರ್ಬಂಧ ಕಾಯಿದೆಗಳನ್ನು ತಂದವು. ಮಗುವಿನ ವಯಸ್ಸನ್ನೇ ಆಧಾರವಾಗಿಟ್ಟುಕೊಂಡು ಅಮಲು ಪದಾರ್ಥವೊಂದನ್ನು ನಿಯಂತ್ರಿಸಿದ ಭಾರತದ ಆರಂಭದ ಶಾಸನಗಳಲ್ಲಿ ಇವು ಸೇರುತ್ತವೆ. ಇವುಗಳ ಗಮನ ಬೀಡಿ, ಸಿಗರೇಟುಗಳ ಹೊಗೆಯ ಮೇಲಿತ್ತು, ಅಂದರೆ ಬೀದಿಯಲ್ಲಿ ಕಣ್ಣಿಗೆ ಬೀಳುವ ಸೇವನೆಯ ಮೇಲೆ.

ಕರ್ನಾಟಕದಲ್ಲಿ ತಂಬಾಕಿನ ಬಹುಪಾಲು ಪರಿಚಯ ಹೊಗೆಯ ಮೂಲಕ ಆದುದಲ್ಲ. ಎಲೆಅಡಿಕೆಯೊಡನೆ ಹೊಗೆಸೊಪ್ಪು ಜಗಿಯುವುದು, ಕಡ್ಡಿಪುಡಿ, ನಶ್ಯ ಇವು ಮನೆಯ ಜಗುಲಿಯಲ್ಲೇ ನಡೆಯುವಂತಹವು. ಅಜ್ಜಿಯ ಎಲೆಚೀಲವನ್ನು ತಂದುಕೊಡುವ ಕೆಲಸ ಮಕ್ಕಳದೇ. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪು, ಮಲೆನಾಡು ಮತ್ತು ಕರಾವಳಿಯ ಅಡಿಕೆ ರಾಜ್ಯದ ಲಕ್ಷಾಂತರ ಕುಟುಂಬಗಳ ಜೀವನಾಧಾರ. ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವ ಕೆಲಸ ಮನೆಮನೆಗೆ ಹಬ್ಬಿತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಉದ್ಯಮದ ಆವರಣಗಳಲ್ಲಿ ಮಕ್ಕಳನ್ನು ದುಡಿಸುವುದನ್ನು ನಿಷೇಧಿಸಿದರೂ, ಕುಟುಂಬದವರ ನೆರವಿನಿಂದ ಸ್ವಂತ ಮನೆಯಲ್ಲಿ ನಡೆಸುವ ಕೆಲಸಕ್ಕೆ ವಿನಾಯಿತಿ ನೀಡಿತ್ತು. ಬಾಲಗೋಲಿಯಂತೆ ಇಲ್ಲಿಯೂ ಕಾನೂನು ಮನೆಯ ಹೊಸ್ತಿಲಲ್ಲಿ ನಿಂತಿತು.

1980ರ ದಶಕದಿಂದ ವ್ಯಾಪಕವಾದ ಗುಟ್ಕಾ ಪೊಟ್ಟಣ ಈ ಚಿತ್ರವನ್ನು ಬದಲಿಸಿತು. ಜಗಿಯುವ ತಂಬಾಕು ಸಿಹಿ ಮತ್ತು ಸುವಾಸನೆಯೊಡನೆ ಬೆರೆತು ಮಗುವಿನ ಕೈಯಲ್ಲಿರುವ ಚಿಲ್ಲರೆಗೆ ಸಿಗುವಂತಾಯಿತು. ಕಾನೂನು ಇದನ್ನು ಬೆನ್ನಟ್ಟಿದ ಬಗೆ ಹಲವು ಹಂತಗಳದು. 2003ರ ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯಿದೆ 18 ವರ್ಷದೊಳಗಿನವರಿಗೆ ಹಾಗೂ ಶಿಕ್ಷಣ ಸಂಸ್ಥೆಗಳ 100 ಗಜದೊಳಗೆ ಮಾರಾಟವನ್ನು ನಿಷೇಧಿಸಿತು. 2011ರ ಆಹಾರ ಸುರಕ್ಷತಾ ನಿಯಮಾವಳಿ ಆಹಾರ ಪದಾರ್ಥಗಳಲ್ಲಿ ತಂಬಾಕು, ನಿಕೋಟಿನ್ ಬೆರೆಸುವುದನ್ನು ತಡೆಯಿತು. ಅದರ ಆಧಾರದ ಮೇಲೆ 2013ರ ಮೇ ತಿಂಗಳ ಕೊನೆಯಲ್ಲಿ ಕರ್ನಾಟಕ ಸರ್ಕಾರ ಗುಟ್ಕಾವನ್ನು ನಿಷೇಧಿಸಿತು. 2024ರಲ್ಲಿ ರಾಜ್ಯದ ವಿಧಾನಮಂಡಲ ಅಂಗೀಕರಿಸಿದ ತಿದ್ದುಪಡಿ ಮಾರಾಟದ ಕನಿಷ್ಠ ವಯಸ್ಸನ್ನು 21ಕ್ಕೆ ಏರಿಸಿತು; ಅದು ರಾಷ್ಟ್ರಪತಿಗಳ ಅಂಕಿತ ಪಡೆದುದು 2025ರಲ್ಲಿ.

ಈ ಅವಧಿಯ ಫಲಿತಾಂಶಗಳನ್ನು ಜಾಗತಿಕ ಯುವಜನ ತಂಬಾಕು ಸಮೀಕ್ಷೆಯ ಅಂಕಿಗಳಿಂದ ಅಳೆಯಬಹುದು. 13ರಿಂದ 15 ವರ್ಷದ ವಿದ್ಯಾರ್ಥಿಗಳಲ್ಲಿ ತಂಬಾಕು ಬಳಸುವವರ ಪ್ರಮಾಣ ಭಾರತದಲ್ಲಿ 2009ರಲ್ಲಿ ಶೇ. 14.6 ಇದ್ದುದು 2019ರಲ್ಲಿ ಶೇ. 8.5ಕ್ಕೆ ಇಳಿಯಿತು. ಕರ್ನಾಟಕದ ಪ್ರಮಾಣ 2019ರಲ್ಲಿ ಶೇ. 1.2, ದೇಶದ ಅತಿ ಕಡಿಮೆ ಪ್ರಮಾಣಗಳಲ್ಲೊಂದು. ಆದರೆ ಅದೇ ಸಮೀಕ್ಷೆಯಂತೆ, ದೇಶದಲ್ಲಿ ಸಿಗರೇಟು ಸೇದಿದ ವಿದ್ಯಾರ್ಥಿಗಳಲ್ಲಿ ಶೇ. 38, ಬೀಡಿ ಸೇದಿದವರಲ್ಲಿ ಶೇ. 47, ಹೊಗೆರಹಿತ ತಂಬಾಕು ಬಳಸಿದವರಲ್ಲಿ ಶೇ. 52ರಷ್ಟು ಮಂದಿ ಹತ್ತು ವರ್ಷ ತುಂಬುವ ಮೊದಲೇ ಅದನ್ನು ಆರಂಭಿಸಿದ್ದರು. ಅಂಗಡಿಯನ್ನು ನಿಯಂತ್ರಿಸುವ ಕಾನೂನು ತಲುಪುವ ಮುನ್ನವೇ ತಂಬಾಕು ಮಗುವನ್ನು ತಲುಪಿರುತ್ತದೆ ಎಂಬುದನ್ನು ಈ ಕೊನೆಯ ಅಂಕಿ ವಿಶೇಷವಾಗಿ ತೋರಿಸುತ್ತದೆ. ಇದು ಶಾಲೆಗೆ ಬರುವ ಮಕ್ಕಳ ಸಮೀಕ್ಷೆ ಎಂಬುದೂ ನೆನಪಿನಲ್ಲಿರಬೇಕು.

ಪಟ್ಟಿಯ ಹೊರಗಿನ ವಸ್ತು

ಶಾಲೆಯ ಹೊರಗಿರುವ ಮಕ್ಕಳ ಚಿತ್ರ ಬೇರೆ. ರೈಲು ನಿಲ್ದಾಣ, ಮಾರುಕಟ್ಟೆ, ಚಿಂದಿ ಆಯುವ ತಾಣಗಳಲ್ಲಿ ಬದುಕುವ ಮಕ್ಕಳಲ್ಲಿ ಅಂಟು, ಬಣ್ಣ ತೆಳುಗೊಳಿಸುವ ತಿನ್ನರ್, ಬರಹ ಅಳಿಸುವ ವೈಟ್‌ನರ್, ಪೆಟ್ರೋಲ್ ಇವುಗಳ ಆವಿಯನ್ನು ಬಟ್ಟೆಗೆ ಹಾಕಿ ಮೂಸುವ ರೂಢಿ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಿಂದ ಎದ್ದು ಕಾಣತೊಡಗಿತು. ಇವುಗಳಲ್ಲಿರುವ ಟಾಲ್ವೀನ್‌ನಂತಹ ದ್ರಾವಕಗಳು ಕೆಲವೇ ನಿಮಿಷಗಳಲ್ಲಿ ಮಿದುಳನ್ನು ತಲುಪಿ ಮಂಪರು ತರುತ್ತವೆ. ಹಸಿವು, ಚಳಿ, ಭಯಗಳ ಅರಿವು ಸ್ವಲ್ಪ ಹೊತ್ತು ಮಂಕಾಗುತ್ತದೆ. ಹೃದಯದ ಲಯ ತಪ್ಪಿ ದಿಢೀರ್ ಸಾವು ಸಂಭವಿಸಬಹುದು. ದೀರ್ಘಕಾಲದ ಬಳಕೆ ನರಮಂಡಲವನ್ನು ಹಾಳುಮಾಡುತ್ತದೆ. ಗಿರಣಿ ಕಾರ್ಮಿಕಳ ಕೂಸು ಮತ್ತು ನಿಲ್ದಾಣದ ಬಾಲಕನ ನಡುವೆ ಒಂದು ಶತಮಾನದ ಅಂತರವಿದ್ದರೂ, ಇಬ್ಬರಲ್ಲೂ ಅಮಲು ಹಸಿವಿನ ಕೂಗನ್ನು ಅಡಗಿಸುವ ಸಾಧನವೇ ಆಗಿದೆ.

ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕಾಗಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ತಜ್ಞರು ನಡೆಸಿ 2013ರಲ್ಲಿ ಪ್ರಕಟವಾದ ಅಧ್ಯಯನ, ಮಾದಕವಸ್ತು ಬಳಸುವ ನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡಿತ್ತು. ಅವರಲ್ಲಿ ಶೇ. 83.2ರಷ್ಟು ಮಕ್ಕಳು ತಂಬಾಕನ್ನೂ, ಶೇ. 67.7ರಷ್ಟು ಮದ್ಯವನ್ನೂ, ಶೇ. 34.7ರಷ್ಟು ಮೂಸುವ ದ್ರಾವಕಗಳನ್ನೂ ಬಳಸಿದ್ದರು. ತಂಬಾಕು ಮತ್ತು ದ್ರಾವಕಗಳೆರಡರ ಆರಂಭದ ಸರಾಸರಿ ವಯಸ್ಸು ಹನ್ನೆರಡರ ಆಸುಪಾಸಿನಲ್ಲಿತ್ತು. 2014ರಲ್ಲಿ ಸಲ್ಲಿಕೆಯಾದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯ 2016ರ ಡಿಸೆಂಬರ್ 14ರಂದು ನೀಡಿದ ತೀರ್ಪು, ಮಕ್ಕಳ ಮಾದಕವಸ್ತು ಬಳಕೆಯ ರಾಷ್ಟ್ರೀಯ ಸಮೀಕ್ಷೆ ನಡೆಸಲು ಹಾಗೂ ಕಾರ್ಯಯೋಜನೆ ರೂಪಿಸಲು ಕೇಂದ್ರ ಸರ್ಕಾರಕ್ಕೆ ನಿರ್ದೇಶಿಸಿತು. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಂತೆ 10ರಿಂದ 17 ವರ್ಷದವರಲ್ಲಿ ದ್ರಾವಕ ಮೂಸುವವರು ಶೇ. 1.17, ವಯಸ್ಕರಲ್ಲಿ ಶೇ. 0.58. ವಯಸ್ಕರಿಗಿಂತ ಮಕ್ಕಳಲ್ಲಿ ಬಳಕೆಯ ಪ್ರಮಾಣ ಹೆಚ್ಚಿರುವ ಏಕೈಕ ವರ್ಗ ಇದು.

ಮಕ್ಕಳೇ ಹೆಚ್ಚಾಗಿ ಬಳಸುವ ಈ ವಸ್ತುವಿನ ಬಗೆಗೇ ಮುಖ್ಯ ಶಾಸನಗಳು ಮೌನವಾಗಿವೆ. 1878 ಮತ್ತು 1930ರ ಕಾಯಿದೆಗಳ ಸ್ಥಾನದಲ್ಲಿ ಬಂದ 1985ರ ಮಾದಕದ್ರವ್ಯ ಮತ್ತು ಮನೋಪರಿಣಾಮಕಾರಿ ವಸ್ತುಗಳ ಕಾಯಿದೆ, ನಿಗದಿತ ವಸ್ತುಗಳ ಪಟ್ಟಿಯನ್ನು ಅವಲಂಬಿಸಿದೆ. ದಿನಬಳಕೆಯ ದ್ರಾವಕಗಳು ಆ ಪಟ್ಟಿಯಲ್ಲಿಲ್ಲ. 2015ರ ಬಾಲನ್ಯಾಯ ಕಾಯಿದೆಯ 77ನೆಯ ಪ್ರಕರಣ ಮಗುವಿಗೆ ಮದ್ಯ, ಮಾದಕದ್ರವ್ಯ, ತಂಬಾಕು ಅಥವಾ ಮನೋಪರಿಣಾಮಕಾರಿ ವಸ್ತು ಕೊಡುವವರಿಗೆ ಏಳು ವರ್ಷಗಳವರೆಗಿನ ಕಠಿಣ ಸಜೆ ಮತ್ತು ಒಂದು ಲಕ್ಷ ರೂಪಾಯಿವರೆಗಿನ ದಂಡ ವಿಧಿಸುತ್ತದೆ. 2000ದ ಕಾಯಿದೆಯ ಮೂರು ವರ್ಷಗಳ ಶಿಕ್ಷೆಗೆ ಹೋಲಿಸಿದರೆ ಇದು ಬಹಳ ಕಠಿಣ. ಆದರೆ ಅಲ್ಲಿಯೂ ದ್ರಾವಕಗಳ ಹೆಸರಿಲ್ಲ. ಬಣ್ಣದಂಗಡಿಯಲ್ಲಿ ತಿನ್ನರ್, ಸೈಕಲ್ ಅಂಗಡಿಯಲ್ಲಿ ಅಂಟು ಕಾನೂನುಬದ್ಧ ಸರಕುಗಳೇ ಆಗಿರುವುದರಿಂದ, ಇವುಗಳನ್ನು ಪಟ್ಟಿಗೆ ಸೇರಿಸಿದ ಮಾತ್ರಕ್ಕೆ ಸಮಸ್ಯೆ ಬಗೆಹರಿಯಲಾರದು.

ಇದೇ ಬಾಲನ್ಯಾಯ ಕಾಯಿದೆಗಳಲ್ಲಿ ಇನ್ನೊಂದು ದಾರಿಯೂ ತೆರೆದಿದೆ. ಮಾದಕವಸ್ತುಗಳ ಬಳಕೆಗೆ ಅಥವಾ ಸಾಗಾಟಕ್ಕೆ ಸಿಲುಕುವ ಸಂಭವವಿರುವ ಮಗುವನ್ನು 2000 ಮತ್ತು 2015ರ ಕಾಯಿದೆಗಳು ‘ಪಾಲನೆ ಮತ್ತು ರಕ್ಷಣೆ ಅಗತ್ಯವಿರುವ ಮಗು’ ಎಂದು ಪರಿಗಣಿಸಿವೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 33ನೆಯ ವಿಧಿಯ ಆಶಯವೂ ಇಂತಹುದೇ. ಭಾರತ ಅದನ್ನು 1992ರಲ್ಲಿ ಒಪ್ಪಿಕೊಂಡಿತು. ಇಲ್ಲಿ ಮಗು ಯಾವ ವಸ್ತುವನ್ನು ಬಳಸಿತು ಎಂಬುದಕ್ಕಿಂತ ಯಾವ ಸ್ಥಿತಿಯಲ್ಲಿದೆ ಎಂಬುದು ಮುಖ್ಯವಾಗುತ್ತದೆ. ಶಾಸನದ ಭಾಷೆಯಲ್ಲಿ ಇದು ದೊಡ್ಡ ಪಲ್ಲಟ. ಆದರೆ 2019ರ ಸಮೀಕ್ಷೆಯ ಅಂದಾಜಿನಂತೆ ದ್ರಾವಕಗಳ ಕಾರಣದಿಂದಲೇ ನೆರವು ಬೇಕಾಗಿರುವ ಮಕ್ಕಳು ಸುಮಾರು 4.6 ಲಕ್ಷ. ಆ ಸಂಖ್ಯೆಗೆ ತಕ್ಕ ಚಿಕಿತ್ಸೆ, ವಸತಿ, ಶಾಲೆಗಳು ಇಲ್ಲದಿದ್ದರೆ ಈ ಪಲ್ಲಟ ಕಾಗದದಲ್ಲೇ ಉಳಿಯುತ್ತದೆ.

ಸಮಾರೋಪ

ಈ ಮೂರೂ ಘಟ್ಟಗಳನ್ನು ಒಟ್ಟಾಗಿ ಪರಿಶೀಲಿಸಿದಾಗ ಒಂದು ಕ್ರಮ ಸ್ಪಷ್ಟವಾಗುತ್ತದೆ. ಅಬಕಾರಿ ಕಾನೂನು ಮೊದಲು ರಾಜಸ್ವವನ್ನು, ಬಳಿಕ ವಸ್ತುವನ್ನು, ಆನಂತರ ಮಾರುವವನನ್ನು ಕಂಡಿತು. ಸೇವಿಸುವ ಮಗುವನ್ನು ಕಂಡದ್ದು ಬಹಳ ತಡವಾಗಿ. ನಿಯಂತ್ರಣ ನಿಷ್ಪ್ರಯೋಜಕವೆಂದು ಇದರ ಅರ್ಥವಲ್ಲ. ಅಫೀಮಿನ ಅಂಗಡಿಗಳು ಮುಚ್ಚದೆ ಬಾಲಗೋಲಿ ಮರೆಯಾಗುತ್ತಿರಲಿಲ್ಲ. ಶಾಲಾ ಮಕ್ಕಳಲ್ಲಿ ತಂಬಾಕು ಕಡಿಮೆಯಾದ ವರ್ಷಗಳು ಕಾನೂನು ಬಿಗಿಯಾದ ವರ್ಷಗಳೇ. ಆದರೆ ನಿಯಂತ್ರಣವೊಂದೇ ಇದ್ದಾಗ, ಹಿಡಿತಕ್ಕೆ ಸಿಗದ ಅಗ್ಗದ ವಸ್ತು ಮಗುವಿನ ಕೈಗೆ ಬಂದಿದೆ.

ಕೂಸಿನ ಅಫೀಮನ್ನು ಬಿಡಿಸಲು ಗಿರಣಿಯಲ್ಲಿ ತೊಟ್ಟಿಲಿಗೆ ಜಾಗ ಬೇಕೆಂಬುದನ್ನು ವಿಟ್ಲೀ ಆಯೋಗ 1931ರಲ್ಲೇ ಕಂಡುಕೊಂಡಿತ್ತು. ಮಾದಕವಸ್ತುವನ್ನು ಹೆಸರಿಸದೆಯೂ ಅದರ ಬೇಡಿಕೆಯ ಬೇರಿಗೆ ಕೈಹಾಕಿದ ಕ್ರಮವದು. ಅಂತಹ ಕ್ರಮಗಳನ್ನು ಅಬಕಾರಿ ದಾಖಲೆಗಳಲ್ಲಿ ಹುಡುಕಿದರೆ ದೊರೆಯುವುದಿಲ್ಲ. ಕಾರ್ಮಿಕ, ಆರೋಗ್ಯ, ಶಿಕ್ಷಣ ಇಲಾಖೆಗಳ ದಾಖಲೆಗಳನ್ನು ಅವುಗಳೊಡನೆ ಜೋಡಿಸಿ ಓದಬೇಕಾಗುತ್ತದೆ. ಮಕ್ಕಳ ಮಾದಕವಸ್ತು ಬಳಕೆಯ ಚರಿತ್ರೆ ಹಾಗೆ ಬರೆದಾಗ ಮಾತ್ರ ಪೂರ್ಣವಾದೀತು. ನಿಲ್ದಾಣದ ಬಾಲಕನಿಗೆ ಇಂದಿನ ಕಾಲದ ಆ ತೊಟ್ಟಿಲು ಯಾವುದು ಎಂಬ ಪ್ರಶ್ನೆಗೆ ಉತ್ತರ ಹುಡುಕುವವರಿಗೂ ಅದೇ ಚರಿತ್ರೆ ಆಧಾರವಾದೀತು.